ಹಲ್ಲುಚಕ್ರಕ್ಕೊಂದು ಪದ್ಯ

"ಮಿಶಿನ್ ಆರಿಸೋಕೆ ಬಂದಿದೀಯೇನೇ ನೀನು? ತಳ್ಳೋಕೆ ಕರ್ಕೊಂಡ್ ಬಂದ್ರೆ ತಲೆ ಮೇಲೇ ಹತ್ತಿ ಕೂತ್ಕೋತೀಯಲ್ಲೇ, ಬೋಸುಡಿ!"

ಮಿಶಿನ್ ಬಾಡಿಗೆಗೆ ಕೊಡುವ ಅಂಗಳದಲ್ಲಿ, ನಾಲ್ಕು ಜನರ ಮುಂದೆ, ಗುತ್ತಿಗೆದಾರ ಹೀಗೆ ಬೈದ. ನಾನು ಕೇಳಿದ್ದು ಇಷ್ಟೇ: ಗೇಟಿನ ಬಳಿಯ ಕಾಂಕ್ರೀಟು ಮಿಕ್ಸರ್ ಬೇಡ, ಹಿಂದೆ ನಿಂತಿರುವ ಹಸಿರು ಮಿಕ್ಸರ್ ತಗೊಳ್ಳಿ. ಹಸಿರಿನದರ ಡ್ರಮ್ಮಿನೊಳಗೆ ತಲೆ ಹಾಕಿ ನೋಡಿದ್ದೆ. ಕಲಸುವ ಅಲಗುಗಳು ಇನ್ನೂ ಸವೆದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಹಲ್ಲುಚಕ್ರದ ಮೇಲೆ ತಗಡಿನ ಮುಚ್ಚಳವಿತ್ತು. ಗೇಟಿನ ಬಳಿಯದಕ್ಕೆ ಮುಚ್ಚಳವಿರಲಿಲ್ಲ. ಆ ಮಿಶಿನ್ನು ನಮಗೆ ಹೊಸದೂ ಅಲ್ಲ. ಹೋದ ವರ್ಷ ನನ್ನ ಓರಗಿತ್ತಿಯ ತಲೆವಸ್ತ್ರ ಎಳೆದುಕೊಂಡು, ಬಿಡಿಸಿಕೊಳ್ಳಲು ಹೋದ ಬಲಗೈಯ ಎರಡು ಬೆರಳನ್ನೂ ಜಗಿದು ಉಗುಳಿದ್ದು ಇದೇ.

"ಎರಡಕ್ಕೂ ಒಂದೇ ಬಾಡಿಗೆ ಸಾರ್," ಎಂದ ಅಂಗಳದವನು. "ಹಸಿರುದು ಬೇಕಂದ್ರೆ ಮುಂದಿನ ಎರಡು ಗಾಡಿ ಸರಿಸ್ಬೇಕು, ಅಷ್ಟೇ. ಕಾಲು ಗಂಟೆ ಕೆಲ್ಸ."

"ಕಾಲು ಗಂಟೆನಾ? ನನಗೇನ್ ಬೇರೆ ಕೆಲ್ಸ ಇಲ್ವಾ? ಇದನ್ನೇ ಕಟ್ಟು ಗಾಡಿಗೆ."

"ಸಾರ್, ಮುಚ್ಚಳ..."

"ಆಯ್ತಾಯ್ತು."

ಏನು ಕೇಳಿದರೂ ಅವನ ಬಾಯಿಂದ ಬರುವುದು ಅದೊಂದೇ. ನಾವು ಹೆಂಗಸರು ಅವನಿಗಿಟ್ಟ ಹೆಸರೂ ಅದೇ. ಬೆರಳು ಹೋದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮುಚ್ಚಳ ಹಾಕಿಸಿ ಎಂದು ಬೇಡಿಕೊಂಡಾಗಲೂ ಆಯ್ತಾಯ್ತು ಎಂದಿದ್ದ.

ಮರುದಿನ ಬೆಳಿಗ್ಗೆ ಚಾವಣಿಗೆ ಕಾಂಕ್ರೀಟು ಹಾಕುವುದಿತ್ತು. ಏಣಿಯ ಮೇಲೆ ಸಾಲಾಗಿ ಹೆಂಗಸರು, ಕೈಗೊಂದು ಬಾಂಡಲಿ. ಆಯ್ತಾಯ್ತು ಬಂದವನೇ ನನ್ನ ಓರಗಿತ್ತಿಯನ್ನು ಹಲ್ಲುಚಕ್ರದ ಪಕ್ಕಕ್ಕೆ ತಳ್ಳಿದ.

"ನೀನೇ ನಿಂತ್ಕೋ ಇಲ್ಲಿ. ನಿಂಗೆ ಈ ಮಿಶಿನ್ ಪರಿಚಯ ಇದೆ."

"ಪರಿಚಯ ಏನ್ ಬಂತು ಸಾರ್," ಎಂದಳು ಅವಳು. "ಎರಡು ಬೆರಳು ಕೊಟ್ಟು ಬೀಗತಿನೇ ಆಗಿದೀನಿ."

ಸಾಲಿಗೆ ಸಾಲೇ ನಕ್ಕಿತು. ಅವಳೂ ನಗುತ್ತಲೇ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಮೂರೇ ಬೆರಳಿನ ಆ ಕೈಯನ್ನು ಬೆನ್ನ ಹಿಂದಿಟ್ಟುಕೊಂಡಳು.

ನಮ್ಮ ಯಾರ ಬಳಿಯೂ ಗಡಿಯಾರವಿಲ್ಲ. ಜಲ್ಲಿ, ಮರಳು, ಸಿಮೆಂಟು, ನೀರು ಎಲ್ಲ ಡ್ರಮ್ಮಿಗೆ ಬಿದ್ದ ಮೇಲೆ ನಾನು ಅಜ್ಜಿಯ ಪದ್ಯದ ಒಂದು ಚರಣ ಹೇಳುತ್ತೇನೆ. ಚರಣ ಮುಗಿದರೆ ಕಲಸು ಹದಕ್ಕೆ ಬಂತು, ಡ್ರಮ್ಮು ಬಗ್ಗಿಸಬಹುದು. ಅಜ್ಜಿಯ ಮಡಿಲಲ್ಲಿ ಮಲಗಿ ಕೇಳಿದ್ದು, ಒಟ್ಟು ನಲವತ್ತು ಚರಣ. ಒಂದು ಡ್ರಮ್ಮಿಗೆ ಒಂದರಂತೆ, ಸಂಜೆಯ ಹೊತ್ತಿಗೆ ಪದ್ಯವೂ ಮುಗಿಯುತ್ತದೆ, ಚಾವಣಿಯೂ ಮುಗಿಯುತ್ತದೆ.

ಮೊದಲ ಡ್ರಮ್ಮು ತುಂಬಿತು. ನಾನು ಶುರುಮಾಡಿದೆ.

ತಿರುಗುವ ಭೂಮಿಯ ಅಂಗೈಲಿ ಹಿಡಿದವನೆ,
ಅರೆಗಳಿಗೆ ನಿಲ್ಲಯ್ಯ ನಮಗಾಗಿ...

ಅಷ್ಟರಲ್ಲಿ ಮನೆ ಕಟ್ಟಿಸುತ್ತಿದ್ದ ಯಜಮಾನಿ ಬಂದರು. ಬಂದವರು ಚಪ್ಪಲಿ ಬಿಟ್ಟು ನಿಂತೇಬಿಟ್ಟರು.

"ದೇವರ ಪದ್ಯ! ಪಾಪ, ಎಷ್ಟು ಭಕ್ತಿಯಿಂದ ಹೇಳ್ತಿದಾಳೆ. ಏನ್ರೀ, ಅದರ ಮಧ್ಯೆ ನಿಮ್ಮ ಈ ಗಡಗಡ ಬೇರೆ. ನಿಲ್ಸ್ರೀ ಅದನ್ನ!"

"ಅಮ್ಮಾ, ಅದು ಒಳಗೆ ಕಲಸು..."

"ಕಲಸು ಎಲ್ಲಿಗೂ ಓಡಿಹೋಗಲ್ಲ. ನನ್ನ ಮನೆ ಮೇಲೆ ಮೊದಲು ನಾಲ್ಕು ಒಳ್ಳೇ ಮಾತು ಬೀಳ್ಲಿ."

"ಆಯ್ತಾಯ್ತಮ್ಮ," ಎಂದು ಆಯ್ತಾಯ್ತು ತನ್ನ ಕೈಯಾರೆ ಎಂಜಿನ್ ಆಫ್ ಮಾಡಿದ.

ಚರಣ ಮುಗಿಯಿತು. ರೂಢಿಯಂತೆ ನನ್ನ ಕೈ ಡ್ರಮ್ಮು ಬಗ್ಗಿಸುವ ಚಕ್ರದತ್ತ ಹೋಯಿತು. ಆಗ ಓರಗಿತ್ತಿಯ ಮುಖ ಕಂಡಿತು. ಹಲ್ಲುಚಕ್ರ ನಿಂತಿದೆ, ಅವಳು ಬಾಯಿಂದ ತಲೆವಸ್ತ್ರ ಬಿಟ್ಟು ಉಸಿರಾಡುತ್ತಿದ್ದಾಳೆ. ನಾನು ಕೈ ಹಿಂದಕ್ಕೆಳೆದುಕೊಂಡು ಎರಡನೆಯ ಚರಣ ಎತ್ತಿಕೊಂಡೆ.

ನಿಂತ ಡ್ರಮ್ಮಿನಲ್ಲಿ ಕಲಸು ಗಟ್ಟಿಯಾಗುತ್ತಿದೆ ಎಂದು ಮೂರನೆಯದಕ್ಕೆ ಸಾಲಿನವರಿಗೆ ಹೊಳೆಯಿತು. ಏಣಿಯ ಮೇಲಿದ್ದವಳ ಭುಜ ಕುಲುಕತೊಡಗಿತು. ಅವಳ ಕೆಳಗಿನವಳು ನಗು ತಡೆಯಲಾರದೆ ಬಾಂಡಲಿಯೊಳಗೆ ಮುಖ ಮುಚ್ಚಿಕೊಂಡಳು. ಯಜಮಾನಿ ಅದನ್ನು ಅಳುವೆಂದುಕೊಂಡು ತಾವೂ ಕಣ್ಣೊರೆಸಿಕೊಂಡರು. ಕುರ್ಚಿ ತರಿಸಿಕೊಂಡು ಕೂತರು.

ಆಯ್ತಾಯ್ತು ಕೈಮುಗಿದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಡ್ರಮ್ಮಿನ ಮೇಲಿಟ್ಟಿದ್ದ. ಬಿಸಿಲು ಏರುತ್ತಿತ್ತು.

"ಇನ್ನೆಷ್ಟಿದೆಯೇ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಮೂವತ್ತೆರಡು, ಸಾರ್."

"ಎರಡು ಹೇಳಿ ಸಾಯಿ!"

"ಶ್!" ಎಂದರು ಯಜಮಾನಿ. "ಅರ್ಧಕ್ಕೆ ನಿಲ್ಸೋದು ಅಂದ್ರೇನ್ರೀ? ನನ್ನ ಮನೆ ಅರ್ಧಕ್ಕೆ ನಿಲ್ಬೇಕಾ?"

ಇಪ್ಪತ್ತನೆಯ ಚರಣದಲ್ಲಿ ಅವನು ಮೆಲ್ಲಗೆ ಕಾಲು ಚಾಚಿ ಡ್ರಮ್ಮನ್ನು ತಿರುಗಿಸಲು ನೋಡಿದ. ಯಜಮಾನಿ ನೋಡಿಬಿಟ್ಟರು. ಆಮೇಲೆ ಅವನ ಕಾಲು ಅಲುಗಾಡಲಿಲ್ಲ.

ದೇವರಾಣೆಗೂ ಒಂದಕ್ಷರ ನುಂಗಲಿಲ್ಲ, ಒಂದು ಸಾಲು ಹಾರಿಸಲಿಲ್ಲ. ಹೊಟ್ಟೆಯಲ್ಲಿ ನಗು ಕುಣಿಯುತ್ತಿತ್ತು, ಗಂಟಲಲ್ಲಿ ಭಕ್ತಿ ತುಂಬಿತ್ತು. ಎರಡೂ ಒಂದಕ್ಕೊಂದು ಅಡ್ಡ ಬರಲಿಲ್ಲ. ಅಷ್ಟು ಚೆನ್ನಾಗಿ ಆ ಪದ್ಯವನ್ನು ನಾನು ಯಾವತ್ತೂ ಹೇಳಿರಲಿಲ್ಲ.

ನಲವತ್ತು ಮುಗಿದಾಗ ಅವನು ಓಡಿಹೋಗಿ ಎಂಜಿನ್ ತಿರುವಿದ. ಬೆಲ್ಟು ಕಿರುಚಿತು, ಹೊಗೆ ಬಂತು, ಡ್ರಮ್ಮು ಅಲುಗಲಿಲ್ಲ, ಎಂಜಿನ್ ಆರಿಹೋಯಿತು. ಓರಗಿತ್ತಿ ಡ್ರಮ್ಮಿನೊಳಗೆ ಕರಣೆ ಹಾಕಿ ಕುಟ್ಟಿದಳು. ಠಣ್ ಎಂದಿತು.

"ಕಲ್ಲಾಗಿದೆ ಸಾರ್," ಎಂದಳು.

ಆಯ್ತಾಯ್ತು ನನ್ನ ಕಿವಿಯ ಹತ್ತಿರ ಬಾಯಿ ತಂದ. "ಬೇಕಂತಲೇ ಮಾಡ್ದೆ ಅಲ್ವೇ, ರಂಡೆ? ನಾಳೆಯಿಂದ ಒಬ್ಬಳೂ ಇಲ್ಲಿ ಕಾಲಿಡ್ಬಾರ್ದು."

"ನಾಳೇದು ನಾಳೆ ನೋಡ್ಕೊಳೋಣ ಸಾರ್. ಈಗ ಅಮ್ಮೋರು ನೋಡ್ತಿದಾರೆ."

ಯಜಮಾನಿ ಎದ್ದು ಬಂದಿದ್ದರು. "ಏನ್ರೀ ಇದು? ಇಷ್ಟೊತ್ತು ನಿಲ್ಸಿದ್ದಕ್ಕೇ ಕೆಟ್ಟುಹೋಯ್ತಾ? ಎಂಥ ಡಬ್ಬಾ ತಂದಿದೀರಿ! ಹೋಗಿ, ಬೇರೆ ತನ್ನಿ."

"ಹಸಿರುದು ಸಾರ್," ಎಂದೆ ನಾನು, ಅವರಿಗೆ ಕೇಳುವಂತೆ. "ಮುಚ್ಚಳ ಇರೋದು. ಕಾಲು ಗಂಟೆ ಸಾಕಂತೆ."

ಅವನು ನನ್ನನ್ನೇ ದಿಟ್ಟಿಸಿದ. ಆಯ್ತಾಯ್ತು ಅನ್ನಲಿಲ್ಲ. ಗಾಡಿಯ ಬಾಗಿಲು ಬಡಿದು ಹೋದ.

ಧೂಳು ಇಳಿಯುವ ತನಕ ತಡೆದುಕೊಂಡೆವು. ಆಮೇಲೆ ಏಣಿಗೆ ಏಣಿಯೇ ನಗುವಿನಿಂದ ಅಲುಗಾಡಿತು. ಓರಗಿತ್ತಿ ಹಲ್ಲುಚಕ್ರದ ಎರಡು ಹಲ್ಲುಗಳ ನಡುವೆ ತನ್ನ ಮೂರು ಬೆರಳನ್ನು ಇಳಿಬಿಟ್ಟು, ಹಾಗೇ ಇಟ್ಟುಕೊಂಡು ಕೂತಳು.

"ಅಕ್ಕಾ," ಎಂದಳು, "ಮತ್ತೆ ಮುಚ್ಚಳ ಇಲ್ಲದ್ದನ್ನೇ ತಂದ್ರೆ?"

"ಅಜ್ಜಿ ಇನ್ನೊಂದು ಪದ್ಯ ಕಲಿಸಿದಾಳೆ," ಎಂದೆ. "ಅದು ಇದಕ್ಕಿಂತ ಉದ್ದ."