ಫೇಲಾದ ದನಿಗಳು

ಫ್ಯಾನ್ ಹಾಕುವಂತಿರಲಿಲ್ಲ. ಹಾಕಿದರೆ ಅದರ ಸದ್ದೂ ರೆಕಾರ್ಡ್ ಆಗುತ್ತದೆ. ಜೂನ್ ತಿಂಗಳ ದೆಹಲಿ, ಜನಕಪುರಿಯ ಒಂದು ಮನೆಯ ನೆಲಮಾಳಿಗೆ. ಹೊರಗಿನ ಹಾರ್ನ್ ಒಳಗೆ ಬಾರದಿರಲಿ ಎಂದು ನಾಲ್ಕೂ ಗೋಡೆಗೆ ರಜಾಯಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಗಾಳಿಯೂ ಬರುತ್ತಿರಲಿಲ್ಲ. ಮೂಗಿನ ತುದಿಯ ಬೆವರು ಕಾಗದದ ಮೇಲೆ ತಟಕ್ಕೆಂದು ಬಿದ್ದರೆ, ಗಾಜಿನ ಆಚೆ ಕೂತ ಚಂದ್ರಮೋಹನ ಸರ್ ಕೈ ಎತ್ತುತ್ತಿದ್ದರು. ಮತ್ತೆ ಮೊದಲಿನಿಂದ ಓದಬೇಕು.

ಸರ್ ಸ್ಟುಡಿಯೋಗೆ ದೊಡ್ಡ ಕೆಲಸ ಸಿಕ್ಕಿತ್ತು. ಊರಾಚೆಯ ಒಂದು ಕೆರೆಗೆ ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬರುತ್ತವೆ. ಕೆರೆಯ ಸುತ್ತ ನಂಬರ್ ಬರೆದ ಕಂಬಗಳಿವೆ. ನೋಡಲು ಬಂದವರು ಗೇಟಿನಲ್ಲಿ ಒಂದು ಡಬ್ಬಿ ತೆಗೆದುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಭಾಷೆಯ ಗುಂಡಿ ಮತ್ತು ಕಂಬದ ನಂಬರ್ ಒತ್ತಿದರೆ ಅಲ್ಲಿನ ಹಕ್ಕಿಯ ವಿಷಯ ಅವರವರ ಭಾಷೆಯಲ್ಲಿ ಕೇಳಿಸಬೇಕು. ಕನ್ನಡಕ್ಕೆ ಒಂದು ದನಿ ಬೇಕೆಂದು ಸರ್ ನಮ್ಮ ಕನ್ನಡ ಸಂಘದ ಬೋರ್ಡಿಗೆ ಚೀಟಿ ಅಂಟಿಸಿದ್ದರು.

ನಾನು ಹಗಲು ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಲಾರಿಗೆ ಮಾಲು ತುಂಬಿಸುವವನು, ಸಂಜೆ ಕಾಲೇಜಿನ ವಿದ್ಯಾರ್ಥಿ. ದನಿ ಚೆನ್ನಾಗಿದೆ ಎಂದು ಮೇಷ್ಟ್ರೊಬ್ಬರು ಒಮ್ಮೆ ಹೇಳಿದ್ದರು. ಹೇಳಿದ್ದು ನನಗೋ ಪಕ್ಕದವನಿಗೋ ಎಂಬ ಅನುಮಾನ ಆಮೇಲೆ ಬಂದಿತ್ತು. ಆದರೂ ಹೋದೆ.

ಟೆಸ್ಟಿಗೆ ಬಂದವರು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದೆವು. ರಾಯಚೂರಿನ ಲೀಲಾವತಿಯಕ್ಕ, ಜನಕಪುರಿಯ ಮನೆಗಳಲ್ಲಿ ಅಡುಗೆ ಮಾಡುವವಳು, ಒಂದು ಹೊತ್ತಿನ ಕೆಲಸ ಬಿಟ್ಟು ಬಂದಿದ್ದಳು. ಆಫೀಸೊಂದರ ಗೇಟು ಕಾಯುವ ಧಾರವಾಡದ ಮಹಂತೇಶ್ ಯೂನಿಫಾರ್ಮಿನಲ್ಲೇ ಬಂದಿದ್ದ.

"ಏನಪಾ ತಮ್ಮಾ, ಎದಿ ಡವಡವ ಅನ್ಲಾಕತ್ತದೇನು?" ಎಂದಳು ಅಕ್ಕ.

"ಹೌದಕ್ಕ."

"ಅನ್ನಲಿ ಬಿಡು. ಅದನ್ನೂ ರೆಕಾರ್ಡ್ ಮಾಡಕೊಳ್ಳಲಿ."

ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ತಪ್ಪಿಲ್ಲದೆ ಬರುವವರೆಗೂ ಓದಿಸಿದರು. ಎಲ್ಲ ಮುಗಿದ ಮೇಲೆ ಸರ್ ಹೊರಬಂದು, ಯಾರೂ ಪಾಸಾಗಿಲ್ಲ ಎಂದರು. ಅಕ್ಕನದು ಹಳ್ಳಿ ರಾಗ. ಮಹಂತೇಶನದು ಗಡಸು. "ನಿನ್ನ ದನೀಲಿ ಧೈರ್ಯವೇ ಇಲ್ಲಪ್ಪ, ಗೋಪಾಲ."

ಅದು ನಿಜವೇ ಇರಬೇಕು ಅನ್ನಿಸಿತು. ಸಂಜೆ ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವುದನ್ನು ಅಂದಿನಿಂದ ಬಿಟ್ಟೆ. ನನ್ನ ಸರದಿ ಬಂದರೆ ಗಂಟಲು ನೋವು ಎನ್ನುತ್ತಿದ್ದೆ.

ಡಿಸೆಂಬರಿನಲ್ಲಿ ಸಂಘದವರು ಅದೇ ಕೆರೆಗೆ ಪಿಕ್‌ನಿಕ್ ಇಟ್ಟರು. ಹಕ್ಕಿಗಳ ಬಾಯಲ್ಲಿ ಕನ್ನಡ ಆಡಿಸಿದ ಚಂದ್ರಮೋಹನ ಅವರಿಗೆ ಅಲ್ಲಿಯೇ ಸನ್ಮಾನ ಎಂದು ಕಾರ್ಯದರ್ಶಿ ದೇವೇಂದ್ರಪ್ಪನವರು ಘೋಷಿಸಿದರು. ಚಿತ್ರಾನ್ನ, ಶೇಂಗಾ ಚಟ್ನಿ, ಶಾಲು, ಹಾರ ಎಲ್ಲ ಒಂದೇ ಬಸ್ಸಿನಲ್ಲಿ ಹೊರಟವು. ಸರ್ ವಸಂತ್ ಕುಂಜ್‌ನಿಂದ ಕಾರಿನಲ್ಲಿ ಬರುವವರಿದ್ದರು. ಅವರು ಬರುವುದರೊಳಗೆ ನಾವು ಡಬ್ಬಿ ತೆಗೆದುಕೊಂಡು ಕೆರೆ ಸುತ್ತಲು ಹೊರಟೆವು.

ಮೊದಲ ಕಂಬದ ಹತ್ತಿರ ಮಹಂತೇಶನ ಮಗಳು ಅಮೂಲ್ಯ ಕಿರುಚಿದಳು. "ಪಪ್ಪಾ! ಯೇ ತೋ ಆಪ್ ಹೋ!"

"ನಾ ಇಲ್ಲೇ ನಿಂತೇನಲ್ಲವಾ."

"ಅಂದರ್ ಭೀ ಹೋ!" ಎಂದು ಅವಳು ಡಬ್ಬಿಯೊಳಗೆ ಬೆರಳು ತೋರಿಸಿದಳು.

ಮಹಂತೇಶ್ ಇಯರ್‌ಫೋನ್ ಕಿವಿಗಿಟ್ಟುಕೊಂಡ. ಅವನ ಬಾಯಿ ತೆರೆದುಕೊಂಡಿತು. "ಹೌದಲ್ಲೋ! ನಾನ ಸಾರಸ ಪಕ್ಷಿ ಬಗ್ಗೆ ಹೇಳಾಕತ್ತೇನಿ!"

ಎರಡನೇ ಕಂಬಕ್ಕೆ ಓಡಿದೆವು. "ಅಯ್ಯ ಶಿವನ, ಇದರಾಗ ನಾ ಅದೀನಿ!" ಎಂದು ಅಕ್ಕ ಕೆನ್ನೆ ಹಿಡಿದುಕೊಂಡಳು. ಮೂರನೆಯದರಲ್ಲಿ ಅಂದು ಮೆಟ್ಟಿಲ ಮೇಲೆ ಕೂತಿದ್ದ ಮಂಗಳೂರಿನ ಕಡೆಯ ಹೆಂಗಸೊಬ್ಬರ ದನಿ. ನಾಲ್ಕನೆಯದು ಮಿಂಚುಳ್ಳಿ. ಅದರಲ್ಲಿದ್ದವನು ನಾನು.

ಏನೋ ಕದ್ದು ಸಿಕ್ಕಿಬಿದ್ದವನಂತೆ ನಾನು ಮೊದಲು ಮಾಡಿದ ಕೆಲಸವೆಂದರೆ, ಯಾರಿಗೂ ಕೇಳದಿರಲಿ ಎಂದು ವಾಲ್ಯೂಮ್ ಇಳಿಸಿದ್ದು.

"ತಿಳೀತೇನು ತಮ್ಮಾ?" ಎಂದಳು ಅಕ್ಕ. "ಒಬ್ಬೊಬ್ಬರ ಕಡಿಂದ ಒಂದೊಂದು ಹಾಳಿ ಓದಿಸ್ಯಾನ. ಹಾಳಿ ಮುಗದ ಮ್ಯಾಲ ಎಲ್ಲಾರನೂ ಫೇಲ್ ಮಾಡ್ಯಾನ. ಎಲ್ಲಾ ಪುಕ್ಕಟ. ದಿಲ್ಲಿಯೊಳಗ ಕನ್ನಡದ ಗುಂಡಿ ಯಾರು ಒತ್ತತಾರ ಅಂತ ಧೈರ್ಯ ಅವಂಗ."

ಹುಲ್ಲುಹಾಸಿಗೆ ಮರಳುವಷ್ಟರಲ್ಲಿ ಸರ್ ಬಂದು ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಮೂವರ ಮುಖ ನೋಡಿದವರೇ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು. ಮೆತ್ತಗಿರುವವನು ಯಾರೆಂದು ಅವರಿಗೆ ಗೊತ್ತಿತ್ತು.

"ಗೋಪಾಲ, ಸೋಮವಾರ ಸ್ಟುಡಿಯೋಗೆ ಒಬ್ಬನೇ ಬಾ. ಪರ್ಮನೆಂಟ್ ಕೆಲಸ ಕೊಡ್ತೀನಿ. ಈಗ ಅವರಿಬ್ಬರನ್ನ ಸ್ವಲ್ಪ ಸುಮ್ಮನಿರಿಸು. ಅಚ್ಛಾ?"

ಲಾರಿಯ ಧೂಳು, ಬೆನ್ನು ನೋವು ಎರಡೂ ಒಟ್ಟಿಗೆ ನೆನಪಾದವು. "ಸರಿ ಸರ್" ಎಂದುಬಿಟ್ಟೆ.

ಆದರೆ ಅಕ್ಕ ಆಗಲೇ ಸನ್ಮಾನಕ್ಕೆಂದು ಇಟ್ಟಿದ್ದ ಮೈಕಿನ ಮುಂದೆ ನಿಂತಿದ್ದಳು.

"ಲೀಲಾವತಿಯವರೇ, ಪ್ರಾರ್ಥನೆ ಆಗೋಯ್ತು," ಎಂದರು ದೇವೇಂದ್ರಪ್ಪನವರು.

"ಪ್ರಾರ್ಥನಿ ಅಲ್ರೀ. ಎರಡನೇ ಕಂಬ."

ಅಕ್ಕ ಬಣ್ಣದ ಕೊಕ್ಕರೆಯ ಬಗ್ಗೆ ತನ್ನ ರಾಗದಲ್ಲೇ ಹೇಳತೊಡಗಿದಳು. ಕೆರೆ ಸುತ್ತಿ ಬಂದಿದ್ದವರು ತಟ್ಟೆ ಕೆಳಗಿಟ್ಟು ನೋಡಿದರು. "ಅರೆ, ಅದೇ ದನಿ!" ಎಂದರು ಯಾರೋ. ಮಹಂತೇಶ್ ಹೋಗಿ ಅಟೆನ್ಷನ್‌ನಲ್ಲಿ ನಿಂತು, "ಒಂದನೇ ಕಂಬ!" ಎಂದ. ನಗು, ಚಪ್ಪಾಳೆ.

ಆಮೇಲೆ ಇಬ್ಬರೂ ನನ್ನತ್ತ ನೋಡಿದರು. ಸರ್ ಕೂಡ ನೋಡಿದರು. ಈಗ ಸುಮ್ಮನೆ ನಿಂತರೆ ಕೆಲಸ ಸಿಗುತ್ತದೆ. ಆದರೆ ಆ ಕೆಲಸವೇನು? ನಾಳೆ ಮೆಟ್ಟಿಲ ಮೇಲೆ ಕೂರುವವರಿಗೆ ನಾನೇ ಹಾಳೆ ಹಂಚಬೇಕಾಗುತ್ತದೆ.

ಮೈಕಿನ ಹತ್ತಿರ ಹೋದೆ. "ನಾಲ್ಕನೇ ಕಂಬ," ಎಂದೆ. ದನಿ ಒಡೆಯಿತು.

"ಜೋರಾಗಿ ಹೇಳೋ!" ಎಂದರು ಯಾರೋ ಹಿಂದಿನಿಂದ.

"ನಾಲ್ಕನೇ ಕಂಬ! ಮಿಂಚುಳ್ಳಿ! ಓದಿದವನು ಗೋಪಾಲ, ಟೆಸ್ಟಿನಲ್ಲಿ ಫೇಲು!"

ಹುಲ್ಲಿನ ಮೇಲೆ ಕೂತವರೆಲ್ಲ ಗೊಳ್ಳೆಂದು ನಕ್ಕರು. ಸರ್ ಕೈ ಎತ್ತಿ, "ಬರೀ ಟೆಸ್ಟ್ ರೀ ಅದು, ನಾನು ಮಾಡಿದ್ದು ಭಾಷೆಯ ಸೇವೆ..." ಎನ್ನುವಷ್ಟರಲ್ಲಿ ಅಮೂಲ್ಯ ಅವರ ಮುಂದೆ ಹೋಗಿ ನಿಂತಳು. "ಅಂಕಲ್, ಆಪ್ ಕಾ ಕೌನ್ ಸಾ ಖಂಬಾ ಹೈ?"

ತಮ್ಮ ಕಂಬ ಯಾವುದೆಂದು ಹುಡುಕುವ ಬದಲು ಸರ್ ಕಾರಿನ ಕೀಲಿ ಹುಡುಕಿಕೊಂಡು ಹೊರಟರು. ದೇವೇಂದ್ರಪ್ಪನವರು ಶಾಲು ಹಿಡಿದುಕೊಂಡು ಯಾರಿಗೆ ಹೊದಿಸುವುದೆಂದು ತಿಳಿಯದೆ ಕೊನೆಗೆ ಚಳಿಯೆಂದು ತಾವೇ ಹೊದ್ದುಕೊಂಡರು.

ಪಕ್ಕದಲ್ಲಿ ಕಿತ್ತಲೆ ಬಿಡಿಸುತ್ತಿದ್ದ ಮಲಯಾಳಿ ನರ್ಸುಗಳು ಏನಾಯಿತೆಂದು ಕೇಳಿದರು. ಮಹಂತೇಶ್ ಹಿಂದಿಯಲ್ಲಿ ವಿವರಿಸಿದ. ಅವರು ಕಂಬದಿಂದ ಕಂಬಕ್ಕೆ ಓಡಿ, ಏದುಸಿರು ಬಿಡುತ್ತ ಮರಳಿದರು. "ಹಮಾರಾ ಭೀ! ಹರ್ ಖಂಬೇ ಪೇ ಅಲಗ್ ಆದ್ಮಿ!" ಮಲಯಾಳದಲ್ಲೂ ಕಂಬಕ್ಕೊಬ್ಬರ ದನಿ. ಅವರಲ್ಲೊಬ್ಬಳ ಗಂಡನೇ ಐದನೇ ಕಂಬದಲ್ಲಿದ್ದ. ಅವನೂ ಫೇಲಾಗಿದ್ದನಂತೆ. ಡಬ್ಬಿ ಕೊಡುತ್ತಿದ್ದ ಭಯ್ಯಾ ತೆಲುಗು, ಬಂಗಾಳಿ, ಒಡಿಯಾ ಗುಂಡಿಗಳನ್ನೂ ಒತ್ತಿ ಕೇಳಿಸಿದ. ಅಲ್ಲೂ ಅದೇ ಕಥೆ.

"ಕೂಲೀನೂ ಕೊಡಬೇಕು, ಹೆಸರೂ ಹೇಳಬೇಕು," ಎಂದಳು ಅಕ್ಕ. "ಎಂದು ಹೋಗೋದು?"

"ಸೋಮವಾರ ಬಾ ಅಂದಿದ್ದಾರೆ," ಎಂದೆ. "ಒಬ್ಬನೇ ಬಾ ಅಂದಿದ್ದಾರೆ," ಎಂದೂ ಹೇಳಿದೆ. ಅದನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ಹೋಗೂಣಂತ," ಎಂದಳು ಅಕ್ಕ.

ಸೋಮವಾರ ನೆಲಮಾಳಿಗೆಯ ಮೆಟ್ಟಿಲು ಸಾಲದೆ, ಸುದ್ದಿ ಕೇಳಿ ಬಂದ ಫೇಲಾದ ಜನ ಬೀದಿಯವರೆಗೂ ನಿಂತಿದ್ದರು. ಅರ್ಧಕ್ಕರ್ಧ ಮಂದಿಯ ಭಾಷೆ ನನಗೆ ತಿಳಿಯುತ್ತಿರಲಿಲ್ಲ. ನಾನು ಬೆಲ್ ಒತ್ತಿದೆ. ಒಳಗಿನಿಂದ ಸರ್ ಕೇಳಿದರು:

"ಕೌನ್?"

ಎಲ್ಲರೂ ಅವರವರ ಭಾಷೆಯಲ್ಲಿ, ಒಟ್ಟಿಗೆ, "ನಾನು" ಎಂದರು. ಅಷ್ಟು ಗದ್ದಲದಲ್ಲೂ ನನ್ನದು ನನಗೆ ಚೆನ್ನಾಗಿ ಕೇಳಿಸಿತು.