ಆಪರೇಷನ್ ದಿನದ ಗಂಜಿ

ಮೊಮ್ಮಗಳು ಅಬ್ವೋಲಿಯ ನಾಲ್ಕನೇ ಆಪರೇಷನ್ ತಪ್ಪಿದ್ದು ನನ್ನ ರಾಗಿ ಗಂಜಿಯಿಂದ. ಇದು ಈಗ ನಮ್ಮೂರು ಫೋರ್ಟ್ ಪೋರ್ಟಲ್‌ನಲ್ಲಿ ಅರ್ಧ ಜನಕ್ಕೆ ಗೊತ್ತು.

ಹುಟ್ಟುವಾಗಲೇ ಅವಳ ತುಟಿ, ಅಂಗುಳ ಎರಡೂ ಸೀಳಿದ್ದವು. ಆರು ತಿಂಗಳಿಗೆ ತುಟಿ ಹೊಲಿದರು, ಎರಡು ವರ್ಷಕ್ಕೆ ಅಂಗುಳ. ಆ ಹೊಲಿಗೆ ಬಿಟ್ಟು ಕುಡಿದ ಹಾಲೆಲ್ಲ ಮೂಗಿನಲ್ಲಿ ಬಂತು, ಐದಕ್ಕೆ ಮತ್ತೆ ಹೊಲಿದರು. ಈಗ ಒಂಬತ್ತು. ಸೊಂಟದ ಮೂಳೆ ಒಂಚೂರು ತೆಗೆದು ಒಸಡಿಗೆ ತುಂಬಬೇಕಂತೆ. ಹಾಗಾದರೆ ಮಾತ್ರ ಹೊಸ ಹಲ್ಲು ನೆಟ್ಟಗೆ ಬರುತ್ತದಂತೆ.

ಅವಳ ತಾಯಿ, ನನ್ನ ಮಗಳು ಕಬಸೋಮಿಗೆ ಒಂದು ಚಾಳಿ. ಕಳೆದ ಸಲ ಮದುವೆಗೆ ಹೋಗೋಣ ಎಂದು ಹೊಸ ಫ್ರಾಕ್ ತೊಡಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಈ ಸಲವೂ ಮದುವೆಯ ನೆಪವೇ. ಹುಡುಗಿ ಪೆದ್ದಿಯಲ್ಲ. ಬೆಳಿಗ್ಗೆ ಒಲೆಯ ಹತ್ತಿರ ಬಂದು ನನ್ನ ಪಕ್ಕ ಕೂತಳು.

"ಅಜ್ಜಿ, ಹೊಟ್ಟೇಲಿ ಏನಾದ್ರೂ ಇದ್ರೆ ಅವ್ರು ಕೊಯ್ಯಲ್ಲ. ಗಂಜಿ ಕೊಡು."

ಕೊಟ್ಟೆ. ಎರಡು ಲೋಟ. ಮೂರು ಸಲವೂ ಯಾರೂ ಇವಳನ್ನು ಒಂದು ಮಾತು ಕೇಳಿರಲಿಲ್ಲ. ಒಮ್ಮೆಯಾದರೂ ಬೇಡ ಅನ್ನಲಿ ಎನಿಸಿತು.

ಏನಾದರೂ ತಿಂದಿದ್ದೀಯಾ ಎಂದು ನರ್ಸ್ ಕೇಳಿದ್ದೇ ತಡ, ಅಬ್ವೋಲಿ ಎರಡು ಬೆರಳು ತೋರಿಸಿ ನನ್ನ ಹೆಸರು ಹೇಳಿದಳು. ಆಪರೇಷನ್ ಎರಡು ತಿಂಗಳು ಮುಂದೆ ಹೋಯಿತು. ಇನ್ನೊಮ್ಮೆ ತಪ್ಪಿದರೆ ಹಲ್ಲು ಕಾಯುವುದಿಲ್ಲ ಎಂದರು ಡಾಕ್ಟರು. ನಮ್ಮ ಟೋರೋ ಜನರಲ್ಲಿ ಮಗುವನ್ನು ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟಿಸುವುದಿಲ್ಲ, ಹಾಗಾಗಿ ಯಾರೂ ಬೇರೆ ಕಾರಣ ಹುಡುಕಲಿಲ್ಲ. ಮುದುಕಿಗೆ ಅರಳುಮರಳು ಎಂದರು. ಕಬಸೋಮಿ ವಾರವಿಡೀ ಮಾತು ಬಿಟ್ಟಳು. ಗಂಜಿ ಕೇಳಿದ್ದು ಮಗುವೇ ಎಂದು ನಾನೂ ಬಾಯಿ ಬಿಡಲಿಲ್ಲ. ಆದರೆ ಆ ಹಲ್ಲಿನ ಮಾತು ಕೇಳಿದಾಗಿನಿಂದ ನನಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ.

ಹೊಸ ತಾರೀಖಿನ ಹಿಂದಿನ ಸಂಜೆ ಅಬ್ವೋಲಿಯನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಮದುವೆಯೂ ಇಲ್ಲ, ಮಣ್ಣೂ ಇಲ್ಲ. ಸೊಂಟ ನೋಯುತ್ತದೆ, ಬಾಯಿಗಿಂತ ಹೆಚ್ಚೇ. ಒಂದಷ್ಟು ದಿನ ಕುಂಟಬೇಕು. ಇದೇ ಕೊನೆಯದಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಮೂಗು ಕೆರೆದುಕೊಂಡಳು.

"ನಾಳೆ ಗಂಜಿ ಕೇಳಿದ್ರೆ ಕೊಡ್ತೀಯಾ?"

"ಕೇಳಿದ್ರೆ ಕೊಡ್ತೀನಿ."

ಬೆಳಿಗ್ಗೆ ಗಂಜಿ ಕಾಯಿಸಿಟ್ಟೆ. ಮಾತು ಅಂದಮೇಲೆ ಮಾತು. ಒಳಗೊಳಗೇ ಮಾತ್ರ ಇವಳು ಕೇಳದಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಅಬ್ವೋಲಿ ಬಂದಳು, ತಾನೇ ಲೋಟ ತುಂಬಿಸಿದಳು, ಚೆಲ್ಲದ ಹಾಗೆ ತಂದು ನನ್ನ ಕೈಗಿಟ್ಟಳು.

"ನೀನು ಕುಡಿ ಅಜ್ಜಿ. ಅಲ್ಲಿ ಅಳೋಕೆ ಶಕ್ತಿ ಬೇಕಲ್ಲ."

ಆಸ್ಪತ್ರೆ ಮುಟ್ಟುವವರೆಗೆ ಅಳು ತಡೆಯಲು ನನಗಾಗಲಿಲ್ಲ.