ಮೊಲದ ಆಟ ಬರೆದವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಆದರೆ ಶಿಕಾಗೋ ಪಕ್ಕದ ಪ್ಲೇನ್‌ಫೀಲ್ಡಿನ ಜಯಸಿಂಹನ ಮೇಲೆ ಬಂದ ಸಿಟ್ಟು ಅಂಥದ್ದಲ್ಲ. ಅದು ಯುಗಾದಿಯಿಂದ ದಸರಾದವರೆಗೆ ಸಣ್ಣ ಉರಿಯಲ್ಲಿ ಕುದ್ದ ಸಿಟ್ಟು.

ನಾನು ಪದ್ಮ. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೇನೆ. ಕಾರಿನೊಳಗಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಕೊರಿಯಾದ ಬಿಡಿಭಾಗದ ಕಂಪನಿಯವರ ಜೊತೆ ವರ್ಷಗಟ್ಟಲೆ ಮೀಟಿಂಗು ಮಾಡಿ ಅವರ ಅಕ್ಷರ ಓದಲು ಕಲಿತೆ. ಅಲ್ಲಿಂದಲೇ ಈ ಹುಚ್ಚು ಹತ್ತಿದ್ದು. ಎಂಬತ್ತರ ದಶಕದಲ್ಲಿ ಕೊರಿಯಾದ ಮನೆಗಳಲ್ಲಿ ಟೀವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರುಗಳಿದ್ದವು. ಅವುಗಳಿಗೆ ಅಲ್ಲಿನವರೇ ಬರೆದ ಆಟಗಳು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಆ ಆಟಗಳನ್ನು ಹುಡುಕಿ, ಕೊನೆಯವರೆಗೆ ಆಡಿ, ಒಂದೊಂದು ದೃಶ್ಯದ ಫೋಟೋ ತೆಗೆದು, ಯಾರು ಬರೆದರು, ಎಲ್ಲಿ ಮಾರಿದರು ಎಂದು ನನ್ನ ವೆಬ್‌ಸೈಟಿನ ಕ್ಯಾಟಲಾಗಿನಲ್ಲಿ ಬರೆದಿಡುತ್ತೇನೆ. ನಮ್ಮ ಕನ್ನಡ ಕೂಟದವರು, “ಪದ್ಮ ಕೊರಿಯನ್ ಸೀರಿಯಲ್ ನೋಡಿ ನೋಡಿ ಹಿಂಗಾದ್ಲು” ಎಂದು ನಗುತ್ತಾರೆ. ನಾನು ಒಂದೇ ಒಂದು ಸೀರಿಯಲ್ ನೋಡಿಲ್ಲ. ಇದನ್ನು ಹೇಳಿ ಹೇಳಿ ಬಾಯಿ ನೋಯಿತು.

ನನ್ನ ಕ್ಯಾಟಲಾಗಿಗೆ ಒಂದು ನಿಯಮವಿದೆ. ಕಣ್ಣಾರೆ ಕಾಣದ್ದನ್ನು ನಾನು ಬರೆಯುವುದಿಲ್ಲ. ‘ಚಂದ್ರನ ಮೊಲ’ ಎಂಬ ಆಟದ ಪುಟದಲ್ಲಿ ಹೀಗಾಗಿಯೇ ಬರೆದವರ ಹೆಸರಿನ ಜಾಗ ಖಾಲಿಯಿತ್ತು. ಚಂದ್ರನ ಮೇಲೆ ಮೊಲವೊಂದು ಒನಕೆ ಹಿಡಿದು ಅಕ್ಕಿ ಕುಟ್ಟುತ್ತದೆ, ಕಾಗೆಗಳು ಅಕ್ಕಿ ಕದಿಯಲು ಬರುತ್ತವೆ, ಅಷ್ಟೇ ಆಟ. ಹಳೆಯ ಜಾಹೀರಾತಿನಲ್ಲಿ ಅದರ ಚಿತ್ರ ನೋಡಿದ್ದೆ, ಆಟ ಎಲ್ಲೂ ಸಿಕ್ಕಿರಲಿಲ್ಲ. ಆದರೂ ಇಂಟರ್ನೆಟ್ಟಿನ ಪಂಡಿತರೆಲ್ಲ ‘ಬರೆದವರು: ಚೊಯ್’ ಎಂದು ಹಾಕಿಕೊಂಡಿದ್ದರು. ಚೊಯ್ ಎಂದರೆ ಸೋಲ್ ನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮನುಷ್ಯ. ಡಬ್ಬಿಯ ಮೇಲೆ ಅವನ ಹೆಸರಿತ್ತು, ಮುಗಿಯಿತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಕಾಪಿ ಹೊಡೆದ, ಅವನದನ್ನು ಮತ್ತೊಬ್ಬ.

ಆ ಖಾಲಿ ಜಾಗ ನೋಡಿ ಯುಗಾದಿಯ ಸುಮಾರಿಗೆ ನನಗೊಂದು ಇಮೇಲ್ ಬಂತು. “ಸುಳ್ಳು ಬರೆಯದವರು ನೀವೊಬ್ಬರೇ. ಆ ಆಟ ನನ್ನದು.”

ಬರೆದವರು ಹಾನ್ ಮ್ಯೊಂಗ್‌ಸುಕ್. ನಮ್ಮ ಬಡಾವಣೆಯಿಂದ ಎರಡು ಮೈಲಿ ಆಚೆಗಿದ್ದಾರೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ನಾನು ಕಥೆ ಕೇಳಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಚೊಯ್ ಅಂಗಡಿಯಲ್ಲಿ ಕೂತು ಆಟ ಬರೆದಿದ್ದರು. ಹುಡುಗಿ ಬರೆದ ಆಟ ಯಾರು ಕೊಳ್ಳುತ್ತಾರೆ ಎಂದು ಅವನು ತನ್ನ ಹೆಸರು ಹಾಕಿಕೊಂಡ. ಇವರು ಒಳಗೆ, ಆಟದ ಕೊನೆಯಲ್ಲಿ, ತಮ್ಮ ಹೆಸರು ಇಟ್ಟರು. ಮದುವೆಯಾಗಿ ಅಮೆರಿಕಕ್ಕೆ ಬರುವಾಗ ಒಂದು ಕ್ಯಾಸೆಟ್ಟೂ ಕೈಗೆ ಸಿಗಲಿಲ್ಲ.

“ಮಗನಿಗೆ ಹೇಳಿದ್ದೆ,” ಎಂದರು ಅವರು, ಇಂಗ್ಲಿಷಿನಲ್ಲಿ, ತಣ್ಣಗೆ. “ಅವನು ಹುಡುಕಿ ನೋಡಿ, ಅಮ್ಮ, ಇದು ಬೇರೆಯವರದ್ದು ಅಂತಿದೆಯಲ್ಲ ಅಂದ. ಸಿಟ್ಟಿನಿಂದ ಅಲ್ಲ, ಪಾಪ, ಮೆತ್ತಗೆ ಹೇಳಿದ. ನನಗೆ ಮರೆವು ಬಂದಿದೆ ಅಂತ ಅಂದುಕೊಂಡ. ಅವತ್ತಿನಿಂದ ಹೇಳುವುದು ಬಿಟ್ಟೆ.”

ಅಷ್ಟು ವರ್ಷದ ಮೇಲೆ ಸ್ವಂತ ಮಗನ ಮುಂದೆ ಸುಳ್ಳುಗಾತಿಯಾಗಬೇಕೆ?

ಆ ಆಟದ ಒಂದೇ ಒಂದು ಕ್ಯಾಸೆಟ್ಟು ಉಳಿದಿತ್ತು. ಅದು ಇದ್ದದ್ದು ನಮ್ಮವನ ಹತ್ತಿರವೇ. ಜಯಸಿಂಹ ಮೈಸೂರಿನವನು, ಶಿಕಾಗೋ ಕಡೆ ಐಟಿಯಲ್ಲಿದ್ದಾನೆ, ಹಳೆಯ ಕಂಪ್ಯೂಟರು, ಆಟ ಎಂದರೆ ಪ್ರಾಣ. ಅಲ್ಲೇ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ, ಯಾರದೋ ಮನೆಯ ಹಳೆಯ ಸಾಮಾನು ಮಾರುವ ಗ್ಯಾರೇಜ್ ಸೇಲಿನಲ್ಲಿ ಅದು ಅವನಿಗೆ ಸಿಕ್ಕಿತ್ತು. ಸಿಕ್ಕ ಕೂಡಲೇ ಹಳೆಯ ವಸ್ತುಗಳಿಗೆ ಗ್ರೇಡ್ ಕೊಡುವ ಕಂಪನಿಗೆ ಕಳಿಸಿ, ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೀಲ್ ಮಾಡಿಸಿ, ಎಷ್ಟು ಚೆನ್ನಾಗಿ ಉಳಿದಿದೆ ಎಂಬ ನಂಬರ್ ಹಾಕಿಸಿಕೊಂಡ. ನಾನು ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ.

“ಆಂಟಿ, ಓಪನ್ ಮಾಡಿದ್ರೆ ವ್ಯಾಲ್ಯೂ ಹೋಗುತ್ತೆ,” ಎನ್ನುತ್ತಿದ್ದ. ನಲವತ್ತು ದಾಟಿದವನು ನನ್ನನ್ನು ಆಂಟಿ ಎನ್ನುವುದು ಬೇರೆ.

“ಬರೆದೋರು ಇಲ್ಲೇ ಇದಾರಪ್ಪ, ಬದುಕಿದಾರೆ.”

“ಅದಕ್ಕೆ ಪ್ರೂಫ್ ಏನಿದೆ ಆಂಟಿ?”

“ಪ್ರೂಫು ನಿನ್ನ ಡಬ್ಬಿಯೊಳಗೇ ಇದೆ!”

“ಡಬ್ಬಿ ಓಪನ್ ಮಾಡಕ್ಕಾಗಲ್ವಲ್ಲ.”

ಇಂಥವನ ಜೊತೆ ಮಾತಾಡುವುದು ಹೇಗೆ? ಸಾಕ್ಷಿ ಕೇಳುತ್ತಾನೆ, ಸಾಕ್ಷಿಯನ್ನು ತಾನೇ ಬೀಗ ಹಾಕಿ ಇಟ್ಟುಕೊಂಡಿದ್ದಾನೆ. ಸಾಲದ್ದಕ್ಕೆ ನವೆಂಬರಿನಲ್ಲಿ ಶಿಕಾಗೋ ಹತ್ತಿರ ಹಳೆಯ ಆಟಗಳ ಮೇಳವೊಂದನ್ನು ಅವನೇ ನಡೆಸುತ್ತಿದ್ದ. ಅದರ ಮುಖ್ಯ ಅತಿಥಿ ಯಾರು ಗೊತ್ತೇ? ಚೊಯ್. ಪೋಸ್ಟರಿನಲ್ಲಿ ಅವನ ನಗುಮುಖ, ಕೆಳಗೆ ನಮ್ಮ ಮೊಲ.

ಆಯುಧಪೂಜೆಯ ಸಂಜೆ ಜಯಸಿಂಹ ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೋ ಹಾಕಿದ. ಕಾರಿನ ಕೀ, ಲ್ಯಾಪ್‌ಟಾಪು, ಮಗಳ ಪುಸ್ತಕಗಳು, ನಡುವೆ ಆ ಪ್ಲಾಸ್ಟಿಕ್ ಪೆಟ್ಟಿಗೆ. ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ನಾನು ಆ ಫೋಟೋ ನೋಡುತ್ತಾ ಕೂತೆ. ಆಮೇಲೆ ಎದ್ದು ಕ್ಯಾಸೆಟ್ ರೆಕಾರ್ಡರು, ವೈರು, ಸಣ್ಣ ಸ್ಕ್ರೂಡ್ರೈವರು ಎಲ್ಲ ಬ್ಯಾಗಿಗೆ ತುಂಬಿ, ಹಾನ್ ಅವರಿಗೆ ಫೋನ್ ಮಾಡಿದೆ. ಮಾರನೆಯ ದಿನ ವಿಜಯದಶಮಿ, ಶನಿವಾರ ಬೇರೆ. ಜಯಸಿಂಹನ ಹೆಂಡತಿ ಆಶ್ರಿತಾ ಗೊಂಬೆ ನೋಡಲು, ಊಟಕ್ಕೆ ಎಲ್ಲರನ್ನೂ ಕರೆದಿದ್ದಳು.

ಬೆಳಿಗ್ಗೆ ಹೊರಟೆವು. ಇಂಡಿಯಾನಾ ದಾಟುವಾಗ ನನ್ನ ಟೆಸ್ಟರ್ ಬುದ್ಧಿ ಸುಮ್ಮನಿರಲಿಲ್ಲ. ಕೇಳಿದೆ, “ಕೊನೆಯ ಘಟ್ಟ ಸರಿಯಿದೆಯೋ ಎಂದು ನೋಡಲು ಪ್ರತಿ ಸಲ ಮೊದಲಿನಿಂದ ಆಡುತ್ತಿದ್ದಿರಾ?”

ಹಾನ್ ನಕ್ಕರು. “ಅಷ್ಟು ತಾಳ್ಮೆ ಯಾರಿಗಿತ್ತು? ಒಂದು ಕಳ್ಳದಾರಿ ಮಾಡಿಕೊಂಡಿದ್ದೆ. ಮೂರು ಕೀ ಒಟ್ಟಿಗೆ ಒತ್ತಿದರೆ ಸೀದಾ ಕೊನೆಗೆ.”

“ಚೊಯ್‌ಗೆ ಗೊತ್ತಿತ್ತೇ?”

“ಅವರು ಆ ಆಟ ಒಮ್ಮೆಯೂ ಆಡಲಿಲ್ಲ. ಎಷ್ಟು ಡಬ್ಬಿ ಹೋಯಿತು ಎಂದಷ್ಟೇ ಕೇಳುತ್ತಿದ್ದರು.”

“ಯಾವ ಮೂರು ಕೀ?”

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. “ಬಾಯಿಗೆ ನೆನಪಿಲ್ಲ,” ಎಂದರು.

ಪ್ಲೇನ್‌ಫೀಲ್ಡಿನ ಮನೆ ತುಂಬ ಜನ. ಆಶ್ರಿತಾ ಹಾನ್ ಅವರ ಕೈಗೂ ಅರಿಶಿನ ಕುಂಕುಮ ಕೊಟ್ಟು, ಗೊಂಬೆಗಳ ಮುಂದೆ ಕೂರಿಸಿದಳು. ಒಳ್ಳೆಯ ಹುಡುಗಿ. ದೇವರ ಮುಂದೆ ಮಂಗಳಾರತಿಯಾಯಿತು.

“ಮಾನ್ಯಾ, ಪುಸ್ತಕ ತಗೊಂಡು ಒಂದು ಪೇಜ್ ಓದಮ್ಮ,” ಎಂದಳು ಮಗಳಿಗೆ. ಮಾನ್ಯಾ ಗಡಬಡಿಸಿ ಓದಿ, “ಓಕೆ, ಡನ್!” ಎಂದಳು. “ರೀ, ಕಾರ್ ಒಂದ್ ರೌಂಡ್ ತಗೊಂಡ್ಹೋಗ್ಬನ್ನಿ.” ಜಯಸಿಂಹ ಕಾರನ್ನು ಬೀದಿಯ ಕೊನೆಯವರೆಗೆ ಓಡಿಸಿ ಬಂದ. ಲ್ಯಾಪ್‌ಟಾಪು ತೆರೆದು ಶ್ರೀ ಎಂದು ಟೈಪ್ ಮಾಡಿದ.

ನಾನು ಕಾಯುತ್ತಿದ್ದದ್ದೇ ಇದಕ್ಕೆ. “ಅದು ಉಳೀತಲ್ಲಪ್ಪ,” ಎಂದೆ, ಪೆಟ್ಟಿಗೆ ತೋರಿಸಿ.

“ಆಂಟಿ, ಅದು ಸೀಲ್ಡು!”

“ಪೂಜೆಗೆ ಇಟ್ಟಿದೀಯಲ್ಲ. ಪೂಜೆಗಿಟ್ಟಿದ್ದನ್ನ ದಶಮಿ ದಿನ ಕೈಗೆತ್ಕೋಬೇಕೋ ಬೇಡ್ವೋ?”

ಹುಬ್ಬಳ್ಳಿಯ ಸತ್ಯ ಅಂಕಲ್ ಹೋಳಿಗೆ ತಿನ್ನುತ್ತಿದ್ದವರು ತಲೆಯೆತ್ತಿದರು. “ಖರೇ ಅದ ನೋಡ್ರಿ. ಬಳಸಾಂಗಿಲ್ಲಂದ್ರ ಪೂಜಾಕ್ಕ ಯಾಕ ಇಟ್ರಿ?”

ಜಯಸಿಂಹ ಅತ್ತಿತ್ತ ನೋಡಿದ. “ಅದು ಜಸ್ಟ್ ಫೋಟೋಗೆ…”

“ಏನಂದ್ರಿ?” ಆಶ್ರಿತಾಳ ಮುಖ ಬದಲಾಯಿತು. “ದೇವರ ಮುಂದೆ ಫೋಟೋಗೆ ಇಟ್ರಾ? ಸುಮ್ನೆ ಓಪನ್ ಮಾಡಿ. ನಾಳೆ ಏನಾದ್ರೂ ಆದ್ರೆ ನನ್ನ ಮನಸ್ಸಿಗೆ ಕಿರಿಕಿರಿ.”

ನಾನು ಯುಗಾದಿಯಿಂದ ಬಡಿದುಕೊಂಡರೂ ತೆರೆಯದ ಪೆಟ್ಟಿಗೆ ಹೆಂಡತಿಯ ಒಂದು ಮಾತಿಗೆ ತೆರೆಯಿತು. ಬೇಸ್‌ಮೆಂಟಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ಅವನು ಅಳುಮೋರೆ ಮಾಡಿಕೊಂಡು ಪ್ಲಾಸ್ಟಿಕ್ ಕೊಯ್ದ. ಹಾಗಿದ್ದರೂ ಒಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡಿಕೊಳ್ಳುವುದನ್ನು ಬಿಡಲಿಲ್ಲ. ಹಾನ್ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರು ಯಾರೆಂದು ನಾನು ಅವನಿಗೆ ಬಾಗಿಲಲ್ಲೇ ಹೇಳಿದ್ದೆ. “ಓ, ನೈಸ್, ನೈಸ್,” ಎಂದು ಮುಂದಕ್ಕೆ ಹೋಗಿದ್ದ. ಇಡೀ ಮಧ್ಯಾಹ್ನ ಅವರನ್ನು ಒಂದು ಮಾತು ಕೇಳಿರಲಿಲ್ಲ.

ಅವನ ಹತ್ತಿರ ಆ ಕಾಲದ ಕೊರಿಯಾದ ಕಂಪ್ಯೂಟರು, ಡಬ್ಬಾ ಟೀವಿ ಎರಡೂ ಇದ್ದವು. ಕ್ಯಾಸೆಟ್ಟು ಹಾಕಿದೆ. ಕೀಚು ಕೀಚು ಸದ್ದಾಯಿತು, ನಡುವೆ ನಿಂತಿತು. ರೆಕಾರ್ಡರಿನ ಸ್ಕ್ರೂ ಒಂಚೂರು ತಿರುಗಿಸಿ ಮತ್ತೆ ಹಾಕಿದೆ. ಈ ಸಲ ಟೀವಿಯಲ್ಲಿ ದೊಡ್ಡ ಹಳದಿ ಚಂದ್ರ ಬಂದ, ಮೊಲ ಬಂತು, ಕೆಳಗೆ ಚೊಯ್ ಹೆಸರು ಬಂತು. ಹಿಂದಿನಿಂದ ಹಾನ್ ಉಸಿರೆಳೆದುಕೊಂಡದ್ದು ಕೇಳಿಸಿತು.

“ನೋಡಿ ಆಂಟಿ, ಚೊಯ್ ಸರ್ ಹೆಸರೇ ಇದೆ,” ಎಂದ ಜಯಸಿಂಹ.

“ತಡಿ,” ಎಂದೆ. ಕ್ಯಾಸೆಟ್ಟಿನಲ್ಲಿರುವುದನ್ನು ನನ್ನ ಲ್ಯಾಪ್‌ಟಾಪಿಗೂ ಇಳಿಸಿಕೊಂಡಿದ್ದೆ. ಅಂಕಿಗಳ ರಾಶಿಯ ನಡುವೆ ಕೊನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರಿತ್ತು. ಹಾನ್ ಮ್ಯೊಂಗ್‌ಸುಕ್. ಎಲ್ಲರೂ ಬಗ್ಗಿ ಓದಿದರು.

ಜಯಸಿಂಹ ಫೋನನ್ನು ತನ್ನ ಮುಖದ ಕಡೆ ತಿರುಗಿಸಿಕೊಂಡ. “ಸೋ ಫ್ರೆಂಡ್ಸ್, ಇಲ್ಲಿ ಒಂದು ಹುಡುಗಿ ಹೆಸರು ಸಿಕ್ಕಿದೆ! ಚೊಯ್ ಸರ್ ಲವರ್ ಇರ್ಬೇಕು. ಆಟದೊಳಗೆ ಬಚ್ಚಿಟ್ಟಿದಾರೆ. ಹೌ ಸ್ವೀಟ್!”

ಅವನು ಮಾತಾಡಿದ್ದು ಕನ್ನಡ. ಆದರೆ ಚೊಯ್ ಮತ್ತು ಲವರ್ ಎಂಬ ಎರಡು ಮಾತು ಸಾಕಾಗಿತ್ತು. ಹಾನ್ ಅವರ ಮುಖ ಬಿಳಿಚಿಕೊಂಡಿತು.

ನಾನು ಕೂಗಿದೆ. ಹಬ್ಬದ ಮನೆ ಎನ್ನುವುದೂ ಮರೆತು ಕೂಗಿದೆ. “ನಾಚಿಕೆ ಆಗಲ್ವೇನೋ ನಿಂಗೆ? ಹೆಂಗಸಿನ ಹೆಸರು ಕಂಡ ತಕ್ಷಣ ಲವರ್ರಾ? ಬರೆದೋಳು ಅಂತ ನಿನ್ನ ತಲೆಗೆ ಹೊಳೆಯೋದೇ ಇಲ್ವಾ? ನಿನ್ನ ಮಗಳು ನಾಳೆ ಏನಾದ್ರೂ ಬರೆದ್ರೆ ಅದರಲ್ಲೂ ಯಾವನ ಲವರ್ ಅಂತ ಹುಡುಕ್ತೀಯಾ? ಆಕೆ ಇಲ್ಲೇ ಕೂತಿದಾರೆ, ನಿಮ್ಮನೆ ಕುಂಕುಮ ಹಚ್ಕೊಂಡು!”

ಜಯಸಿಂಹ ಫೋನನ್ನು ಜೇಬಿಗೆ ಹಾಕಿಕೊಂಡ. “ಆಂಟಿ, ಕಾಮ್ ಡೌನ್…”

ಹಾನ್ ಎದ್ದು ಬಂದರು. ನನ್ನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿ, ಕಂಪ್ಯೂಟರಿನ ಮುಂದೆ ಕೂತರು. ಕಣ್ಣು ಟೀವಿಯ ಮೇಲೆಯೇ ಇತ್ತು. ಎಡಗೈಯ ಎರಡು ಬೆರಳು, ಬಲಗೈಯ ಒಂದು ಬೆರಳು ಒಟ್ಟಿಗೆ ಕೀಗಳ ಮೇಲೆ ಬಿದ್ದವು.

ಟೀವಿಯಲ್ಲಿ ಚಂದ್ರ ಕೆಂಪಾದ. ಆಕಾಶದ ತುಂಬ ಕಾಗೆಗಳು. ಕೊನೆಯ ಘಟ್ಟ. ಐವತ್ತು ದಾಟಿದ ಆ ಗಣಿತದ ಟೀಚರು ಮೊಲವನ್ನು ಹಾರಿಸಿದರು, ಬಗ್ಗಿಸಿದರು, ಒನಕೆ ಬೀಸಿಸಿದರು. ಯಾವ ಕಾಗೆ ಯಾವ ಕಡೆಯಿಂದ ಬರುತ್ತದೆ ಎಂದು ಅದು ಬರುವ ಮುಂಚೆಯೇ ಗೊತ್ತಿತ್ತು. ಕೊನೆಯ ಕಾಗೆ ಬಿದ್ದಾಗ ಚಂದ್ರನಿಂದ ಅಕ್ಕಿಕಾಳಿನ ಹಾಗೆ ಒಂದೊಂದೇ ಅಕ್ಷರ ಉದುರಿ ಸಾಲಾಯಿತು. ಪ್ರೋಗ್ರಾಮ್, ಚಿತ್ರ, ಸಂಗೀತ: ಹಾನ್ ಮ್ಯೊಂಗ್‌ಸುಕ್, ಹತ್ತೊಂಬತ್ತು ವರ್ಷ.

ನಾನು ಫೋಟೋ ತೆಗೆದೆ. ಮೊದಲನೆಯದು ಮಸುಕಾಯಿತು, ಇನ್ನೊಂದು ತೆಗೆದೆ. ಮಾನ್ಯಾ ಚಪ್ಪಾಳೆ ತಟ್ಟಿದಳು. ಹಾನ್ ಪವರ್ ಆಫ್ ಮಾಡಿದರು.

“ಅಯ್ಯೋ, ಒಂದ್ನಿಮಿಷ!” ಜಯಸಿಂಹ ಜೇಬಿನಿಂದ ಫೋನ್ ಎಳೆದ. ಇಂಗ್ಲಿಷಿಗೆ ತಿರುಗಿ ಅವರನ್ನು ಮೊದಲ ಬಾರಿಗೆ ಮಾತಾಡಿಸಿದ. “ಮೇಡಂ, ನಾನು ರೆಕಾರ್ಡ್ ಮಾಡಲಿಲ್ಲ. ಮತ್ತೊಮ್ಮೆ ತೋರಿಸುತ್ತೀರಾ? ಯಾವ ಕೀ ಒತ್ತಿದಿರಿ?”

ಹಾನ್ ತಮ್ಮ ಕೋಟು ಎತ್ತಿಕೊಂಡರು. ಆಶ್ರಿತಾಗೆ ತಲೆಬಾಗಿ ಥ್ಯಾಂಕ್ಸ್ ಹೇಳಿದರು. ಆಮೇಲೆ ಅವನ ಕಡೆ ತಿರುಗಿದರು.

“ಮುಂದಿನ ತಿಂಗಳು ಚೊಯ್ ಬರುತ್ತಾರಲ್ಲ,” ಎಂದರು. “ವೇದಿಕೆಯ ಮೇಲೆ ಕೂರಿಸಿ ಅವರನ್ನೇ ಕೇಳಿ.”

ಕಾರು ಹೊರಡುವ ಮುಂಚೆಯೇ ಅವರು ಆ ಫೋಟೋ ನನ್ನಿಂದ ಪಡೆದು ಮಗನಿಗೆ ಕಳಿಸಿದರು. ಉತ್ತರ ಏನು ಬಂತೆಂದು ನಾನು ಕೇಳಲಿಲ್ಲ. ಮಿಶಿಗನ್ ಗಡಿಯವರೆಗೂ ಅವರು ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ನನ್ನ ಕ್ಯಾಟಲಾಗಿನಲ್ಲಿ ಬರೆದವರ ಜಾಗ ಈಗ ತುಂಬಿದೆ. ಕೊನೆಯ ಘಟ್ಟಕ್ಕೆ ಹೋಗುವ ಮೂರು ಕೀಗಳು ಯಾವುವು ಎಂಬ ಜಾಗ ಮಾತ್ರ ಖಾಲಿಯಿದೆ. ಅವರ ಪಕ್ಕದಲ್ಲೇ ನಿಂತಿದ್ದೆ, ಮೂರನ್ನೂ ಕಣ್ಣಾರೆ ಕಂಡಿದ್ದೇನೆ. ಬರೆಯುವುದಿಲ್ಲ.